ಪಕ್ಕದಲ್ಲಿ ಕೂತ ಮುಯ್ಯಾಳು

ಅರಕೆರೆ
10 ಆಗಸ್ಟ್ 2025, ಭಾನುವಾರ

ಪ್ರೀತಿಯ ಅತ್ತೆಮ್ಮನಿಗೆ,

ನಿಮ್ಮ ಸೊಸೆ ಪವಿತ್ರಳ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಬೂಕನಕೆರೆಯ ನೀರು ಒಗ್ಗಿತೋ ಇಲ್ಲವೋ? ಯಶೋಧಕ್ಕ ರಾಗಿಮುದ್ದೆಯನ್ನು ನಿಮಗೆ ಬೇಕಾದ ಹಾಗೆ ಗಟ್ಟಿಯಾಗಿ ಮಾಡುತ್ತಾರೋ, ಇಲ್ಲಾ ನಿಮ್ಮ ಅಳಿಯ ಚಿಕ್ಕಸ್ವಾಮಿ ಅಣ್ಣನಿಗೆ ಇಷ್ಟ ಅಂತ ಮೆತ್ತಗೆ ಮಾಡಿ ಹಾಕುತ್ತಾರೋ? ಮೆತ್ತಗಿದ್ದರೆ ನೀವು ಅರ್ಧಕ್ಕೇ ಕೈ ತೊಳೆಯುತ್ತೀರಿ, ಮಗಳ ಮನೆಯಲ್ಲಿ ಬಾಯಿಬಿಟ್ಟು ಕೇಳುವುದೂ ಇಲ್ಲ, ನನಗೆ ಗೊತ್ತು. ಬಿಪಿ ಮಾತ್ರೆ ತಪ್ಪಿಸಬೇಡಿ. ಇವೆಲ್ಲ ಫೋನಿನಲ್ಲಿ ಕೇಳಬಹುದಿತ್ತು ಅನ್ನುತ್ತೀರಿ. ಕೇಳಿದೆನಲ್ಲ. ಯಾವಾಗ ಕೇಳಿದರೂ ಚೆನ್ನಾಗಿವ್ನಿ ಕಣವ್ವ ಅಂತ ಒಂದೇ ಮಾತು ಹೇಳಿ, ಫೋನನ್ನು ಯಶೋಧಕ್ಕನ ಕೈಗೆ ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸು ಓದಿದವರು ನೀವು, ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ನೀವೇ ಓದಬೇಕು. ಯಶೋಧಕ್ಕನ ಕೈಲಿ ಓದಿಸಬೇಡಿ. ಕಾಗದವನ್ನು ಯಾರ ಕೈಗೂ ದಾಟಿಸಲು ಆಗುವುದಿಲ್ಲ ಅನ್ನುವುದೇ ನನ್ನ ಧೈರ್ಯ.

ಇಲ್ಲಿ ನಾಲೆಗೆ ನೀರು ಬಿಟ್ಟಾಗಿದೆ. ಊರ ತುಂಬ ನಾಟಿ. ಬೇರೆಯವರಿಗೆ ವಾರಕ್ಕೆ, ಪಾಲಿನ ಲೆಕ್ಕದಲ್ಲಿ, ಕೊಟ್ಟಿರುವ ನಮ್ಮ ಗದ್ದೆಯಲ್ಲಿ ಈ ಸಲ ಮಿಷನ್ನಿನಲ್ಲಿ ನೆಟ್ಟರು. ನೀವಿದ್ದಿದ್ದರೆ ಬದುವಿನ ಮೇಲೆ ನಿಂತು, ಸಾಲು ಸೊಟ್ಟ ಅಂತ ಆ ಮಿಷನ್ನಿಗೇ ಬೈಯುತ್ತಿದ್ದಿರಿ. ಮೊನ್ನೆ ವರಮಹಾಲಕ್ಷ್ಮಿ ಹಬ್ಬ ಆಯಿತು. ಬೀದಿಯಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ, ಕರೆದು ಕುಂಕುಮ ಕೊಡದೆ ಕಳಿಸುವುದು ಹೇಗೆ ಅನ್ನುವ ಸಂಕಟ ಅವರಿಗೂ ಇರುತ್ತದೆ. ಹೋದ ವರ್ಷ ನಾವಿಬ್ಬರೂ ಬಾಗಿಲು ಹಾಕಿಕೊಂಡು ಒಬ್ಬಟ್ಟು ಮಾಡಿ ತಿಂದೆವಲ್ಲ, ಹೂರಣ ಸೀದುಹೋಗಿದ್ದರೂ ತಿಂದೆವು. ಈ ವರ್ಷ ನಾನು ಒಲೆ ಹಚ್ಚಲಿಲ್ಲ.

ನಿಮ್ಮ ಮೇಲೆ ನನಗೆ ಕೋಪ ಬಂದಿದೆ ಅತ್ತೆಮ್ಮ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡು ನಯವಾಗಿ ಬರೆಯುವ ಜಾಯಮಾನ ನನ್ನದಲ್ಲ. ಆದರೆ ಯಾಕೆಂದು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಿಮ್ಮ ಮಗ ಹೋದ ಮೇಲಿನ ದಿನಗಳು ನಿಮಗೆ ನೆನಪಿವೆಯೋ ಇಲ್ಲವೋ. ನನಗೆ ಅಲ್ಲೊಂದು ಇಲ್ಲೊಂದು ಮಾತ್ರ ನೆನಪಿವೆ. ಪಾಂಡವಪುರದಲ್ಲಿ ಪಂಪ್‌ಸೆಟ್ ರಿಪೇರಿ ಮುಗಿಸಿ ಬರುತ್ತಿದ್ದವರು, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಕ್ಟರಿಗೆ ಬೈಕು ಗುದ್ದಿ ಅಲ್ಲೇ ಹೋದರು. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಈ ಮನೆಯಲ್ಲಿ ಉಳಿದವರು ನಾನು, ನೀವು. ನನ್ನ ಕಂಪನಿಯವರು ರಜೆ ಕೊಟ್ಟಿದ್ದರು, ರಜೆ ಮುಗಿಯಿತು. ನಾನು ನಡುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ವಿಮೆ ಕೇಳಿ ಬಂದವರ ಆಸ್ಪತ್ರೆ ಬಿಲ್ಲು, ಡಾಕ್ಟರ ಚೀಟಿ ಎಲ್ಲ ಒಂದಕ್ಕೊಂದು ತಾಳೆಯಾಗುತ್ತವೋ ಇಲ್ಲವೋ ನೋಡಿ ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಎಷ್ಟು ಸಲ ಬಿಡಿಸಿ ಹೇಳಿದರೂ ನೀವು ಊರಿನಲ್ಲೆಲ್ಲ ನಮ್ ಸೊಸೆ ಆಸ್ಪತ್ರೆ ಚೀಟಿ ಓದ್ತಾಳೆ ಅಂತಲೇ ಹೇಳಿಕೊಂಡು ಬಂದಿರಿ. ಅಂದು ತೆರೆದ ಮೊದಲ ಚೀಟಿಯೇ ಬೈಕಿನವನೊಬ್ಬನದು. ತಲೆಗೆ ಪೆಟ್ಟು. ವಯಸ್ಸು ನಿಮ್ಮ ಮಗನದೇ. ನಾನು ಅದನ್ನೇ ನೋಡುತ್ತ ಕೂತುಬಿಟ್ಟೆ. ಮರುದಿನವೂ ಅದೇ ಚೀಟಿ, ಅದರ ಮರುದಿನವೂ ಅದೇ. ಕೈ ಮುಂದಕ್ಕೆ ಹೋಗಲಿಲ್ಲ.

ಆಮೇಲೆ ಒಂದು ಬೆಳಗ್ಗೆ ನೀವು ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು, ನನ್ನ ಕುರ್ಚಿಯ ಪಕ್ಕದಲ್ಲಿ ಕಾಲು ಚಾಚಿ ಕೂತು ಕಲ್ಲು ಆರಿಸತೊಡಗಿದಿರಿ. ನನ್ನ ಕಡೆ ನೋಡಲೂ ಇಲ್ಲ. ಆ ಅಕ್ಕಿಯನ್ನು ನಾನು ಹಿಂದಿನ ದಿನವೇ ಆರಿಸಿ ಡಬ್ಬಕ್ಕೆ ತುಂಬಿದ್ದೆ. ಒಂದು ಕಲ್ಲೂ ಇರಲಿಲ್ಲ. ಇಲ್ಲದ ಕಲ್ಲನ್ನು ಹುಡುಕುತ್ತ ಕೂತಿದ್ದೀರಲ್ಲ ಅಂತ ಎಷ್ಟೋ ದಿನದ ಮೇಲೆ ನನಗೆ ನಗು ಬಂದಿತ್ತು. ಸುಮ್ಮನೆ ಯಾಕೆ ಕೂತಿದ್ದೀರಿ, ಹೋಗಿ ಮಲಗಿ ಅಂದೆ. ಆಗ ನೀವು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ.

"ಸುಮ್ಕೆ ಎಲ್ಲವ್ವ ಕುಂತಿವ್ನಿ? ಮುಯ್ಯಾಳಾಗಿ ಬಂದಿವ್ನಿ. ಒಬ್ಳೇ ಗದ್ದೆಗಿಳುದ್ರೆ ಬರೀ ಸೊಂಟದ ನೋವೇ ಗ್ಯಾನ ಕಣವ್ವ. ಸಾಲ್ನಲ್ಲಿ ನಿಂತ್ಕಂಡ್ರೆ ಕೈ ತಾನಾಗೇ ಓಡ್ತದೆ."

ನಾಗಮಂಗಲದ ಮಳೆ ನಂಬಿದ ಬೆದ್ದಲು ಸೀಮೆಯಲ್ಲಿ ಬೆಳೆದ ನನಗೆ ನಿಮ್ಮ ನಾಟಿಯ ಮಾತುಗಳು ಅಷ್ಟಾಗಿ ಗೊತ್ತಿರಲಿಲ್ಲ. ಮುಯ್ಯಾಳು ಅಂದರೆ ಏನೆಂದು ನೀವೇ ಹೇಳಿದಿರಿ. ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ ಗದ್ದೆಯವರದು. ಬಾಣಂತಿಯ ಗದ್ದೆಯಾದರೂ ಸರಿ, ಸಾವಾದ ಮನೆಯವರ ಗದ್ದೆಯಾದರೂ ಸರಿ, ಹದ ಬಂದ ದಿನ ಸಾಲು ಹೋಗಿ ನಿಲ್ಲಲೇಬೇಕು, ಪೈರು ಯಾರ ಸಂಕಟಕ್ಕೂ ಕಾಯುವುದಿಲ್ಲ ಅಂದಿರಿ. ಹಾಗಾದರೆ ನಾನೂ ನಿಮಗೆ ಮುಯ್ಯಾಳಾಗಿ ಬರಬೇಕಲ್ಲ ಅಂತ ಛೇಡಿಸಿದೆ. ಅದಕ್ಕೆ ನೀವು ಮೊರದಿಂದ ತಲೆ ಎತ್ತದೆಯೇ ಅಂದಿರಿ, "ಬರೂವಂತೆ ಬುಡು. ನನ್ ಗದ್ದೆ ಹದ ಆಗ್ಲಿ."

ಅವತ್ತು ಆ ಬೈಕಿನವನ ಚೀಟಿ ಮುಗಿಯಿತು. ಅಳುತ್ತಲೇ ಮುಗಿಸಿದೆ, ಆದರೆ ಮುಗಿಸಿದೆ. ಆಮೇಲಿನ ದಿನಗಳಲ್ಲಿ ನೀವು ಅವರೆಕಾಯಿ ಸುಲಿಯುತ್ತ, ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಏನೂ ಸಿಗದಿದ್ದರೆ ಹಳೇ ಸೀರೆ ಹರಿದು ದೀಪಕ್ಕೆ ಬತ್ತಿ ಹೊಸೆಯುತ್ತ ಪಕ್ಕದಲ್ಲೇ ಇದ್ದಿರಿ. ನಾವಿಬ್ಬರೂ ಮಾತಾಡುತ್ತಿದ್ದುದು ಅಪರೂಪ. ನಿಮ್ಮ ಕೈ ನಿಂತರೆ ನಾನು ಟೀ ಇಡಲು ಏಳುತ್ತಿದ್ದೆ, ನನ್ನ ಕೈ ನಿಂತರೆ ನೀವು ಕೆಮ್ಮುತ್ತಿದ್ದಿರಿ. ನನ್ನ ಮೇಲಿನ ಸಾಹೇಬರು ರಘುನಂದನ್ ವಿಡಿಯೋದಲ್ಲಿ ಮಾತಾಡುವಾಗ ಸೊಪ್ಪು ಬಿಡಿಸುತ್ತಿದ್ದ ನಿಮ್ಮ ಕೈ ಅಡ್ಡ ಬಂದು, ಯಾರು ಮೇಡಂ ಅದು ಅಂತ ಕೇಳಿದ್ದರು. ನಮ್ಮ ಮುಯ್ಯಾಳು ಸಾರ್ ಅಂದಿದ್ದೆ. ಅವರಿಗೆ ಅರ್ಥವಾಗಲಿಲ್ಲ, ನೀವು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿರಿ. ನಿಮ್ಮ ಮಗ ಹೋದ ಮೇಲೆ ನೀವು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಕೋಪದ ವಿಷಯಕ್ಕೆ ಬರುತ್ತೇನೆ. ಯುಗಾದಿಯ ನಂತರ ನಮ್ಮಪ್ಪ ಅಮ್ಮ ಬಂದರಲ್ಲ, ನಾಗಮಂಗಲದ ಆ ಗಂಡಿನ ವಿಚಾರ ಎತ್ತಿಕೊಂಡು. ಹೆಂಡತಿ ತೀರಿಕೊಂಡವನು, ಗೊಬ್ಬರದ ಅಂಗಡಿ ಇದೆ, ಒಳ್ಳೆಯ ಮನೆತನ ಅಂತೆಲ್ಲ ಅಪ್ಪ ಹೇಳುತ್ತಿದ್ದರೆ ನೀವು ಒಳಗೆ ಮುದ್ದೆ ಕಟ್ಟುತ್ತಿದ್ದಿರಿ. ನಮ್ಮಪ್ಪ ನಿಂಗಯ್ಯನವರ ಬಾಯಿಗೆ ಕಡಿವಾಣ ಹಾಕುವುದು ನಿಮಗೇ ಗೊತ್ತಿರುವ ಹಾಗೆ ಸುಲಭವಲ್ಲ. ನಾನು ಏನಾದರೊಂದು ಹೇಳಿ ಮಾತು ಮುಗಿಸಬೇಕಿತ್ತು. ಅತ್ತೆ ಪಕ್ಕದಲ್ಲಿ ಕೂರದಿದ್ದರೆ ನನಗೆ ಒಂದು ಚೀಟಿಯನ್ನೂ ಓದಲು ಆಗುವುದಿಲ್ಲ, ಕೆಲಸ ಹೋಗುತ್ತದೆ, ನಾನು ಎಲ್ಲಿಗೂ ಬರುವುದಿಲ್ಲ ಅಂದುಬಿಟ್ಟೆ. ಅಪ್ಪ ಸುಮ್ಮನಾದರು. ಆದರೆ ಒಳಗೆ ಮುದ್ದೆ ತಟ್ಟುವ ಸದ್ದೂ ನಿಂತಿತು. ಮುಂದಿನ ವಾರವೇ ಯಶೋಧಕ್ಕ ಬಂದರು, ನಿಮ್ಮ ಚೀಲ ಆಗಲೇ ಕಟ್ಟಿಯಾಗಿತ್ತು. ಮಗಳ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತೀನಿ ಅಂದಿರಿ. ಬಸ್ಸು ಹತ್ತುವಾಗ ನನ್ನ ಕೆನ್ನೆ ಸವರಿ, ಮುಯ್ಯಿ ಗಿಯ್ಯಿ ಏನೂ ಬ್ಯಾಡ ಕಣವ್ವ, ನಿನ್ ದಾರಿ ನೀನ್ ನೋಡ್ಕೊ ಅಂದಿರಿ. ಆಗ ನನಗೆ ಹೊಳೆಯಲಿಲ್ಲ. ಯಶೋಧಕ್ಕನನ್ನು ಫೋನಿನಲ್ಲಿ ಕಾಡಿ ಬೇಡಿ ಕೇಳಿದ ಮೇಲೆ ಗೊತ್ತಾಯಿತು, ನೀವು ಅಲ್ಲಿ ಹೋಗಿ ಹೇಳಿದ್ದು.

"ನಾನಲ್ಲಿದ್ರೆ ಆ ಹೆಣ್ಮಗ ನನ್ ಪಕ್ದಲ್ಲೇ ಕುಂತು ಮುದ್ಕಿ ಆಗೋಯ್ತದೆ."

ಇದನ್ನು ನನ್ನ ಮುಖ ನೋಡಿ ಹೇಳಬಾರದಿತ್ತೇ? ನನ್ನ ಒಳ್ಳೆಯದಕ್ಕೆ ಅಂತ ನನ್ನನ್ನೇ ಕೇಳದೆ ಎದ್ದು ಹೋದಿರಿ. ನಿಮ್ಮ ಮಗ ಹೇಳದೆ ಹೋದರು. ಅದು ಅವರ ಕೈಲಿರಲಿಲ್ಲ. ನೀವು ಮಾತ್ರ ಚೀಲ ಕಟ್ಟಿಕೊಂಡು ಹೋದಿರಿ.

ನೀವು ಹೋದ ಮೇಲೆ ಕೆಲಸ ಕೆಟ್ಟಿತು. ಪೂರ್ತಿ ಕೆಟ್ಟಿತು. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ಸಂಜೆ ಮುಚ್ಚುವವರೆಗೂ ಒಂದೇ ಚೀಟಿ. ಎದ್ದು ಕಸ ಗುಡಿಸುತ್ತಿದ್ದೆ, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ. ಫೋನು ಹಿಡಿದರೆ ಊಟದ ಹೊತ್ತು ಮೀರುತ್ತಿತ್ತು. ಯಾರೂ ನೋಡುತ್ತಿಲ್ಲ ಅನ್ನುವುದು ಸ್ವಾತಂತ್ರ್ಯ ಅಂದುಕೊಂಡಿದ್ದೆ ಅತ್ತೆಮ್ಮ. ಹಾಳುಬಿದ್ದ ಮನೆಯನ್ನೂ ಯಾರೂ ನೋಡುವುದಿಲ್ಲ. ರಘುನಂದನ್ ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಮೊದಲು ಚೆನ್ನಾಗಿ ಮಾಡುತ್ತಿದ್ದಿರಿ, ಏನಾಯಿತು ಮೇಡಂ ಅಂದರು. ಆಮೇಲೆ, ನಿಮ್ಮ ಮುಯ್ಯಾಳು ಕಾಣುತ್ತಿಲ್ಲವಲ್ಲ ಅಂದರು. ಹೆಸರು ನೆನಪಿಟ್ಟುಕೊಂಡಿದ್ದರು. ನಾನು ಕ್ಯಾಮೆರಾ ಆರಿಸಿಬಿಟ್ಟೆ. ಈ ತಿಂಗಳು ಸರಿಹೋಗದಿದ್ದರೆ ತಮ್ಮ ಕೈಲಿ ಏನೂ ಇರುವುದಿಲ್ಲ ಅಂತಲೂ ಹೇಳಿದರು.

ಕೆಲಸ ಹೋದರೆ ನಾಗಮಂಗಲಕ್ಕೆ ಹೋಗಲೇಬೇಕು, ಅಪ್ಪ ಹೇಳಿದ್ದಕ್ಕೆ ತಲೆಯಾಡಿಸಲೇಬೇಕು. ನೀವು ನನಗೆ ದಾರಿ ಬಿಟ್ಟುಕೊಡಲು ಹೋದಿರಿ, ಇದ್ದ ಒಂದು ದಾರಿಯೂ ಮುಚ್ಚುವ ಹಾಗಾಯಿತು. ಆಗ ಶ್ರೀರಂಗಪಟ್ಟಣಕ್ಕೆ ಹೋದವಳು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೋರ್ಡು ನೋಡಿದೆ, ಕೂತು ಕೆಲಸ ಮಾಡಲು ಮೇಜು ಬಾಡಿಗೆಗೆ ಅಂತ. ಮಹದೇವಸ್ವಾಮಿ ಅನ್ನುವ ಹಿರಿಯರು ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮಹಡಿ. ಮಿಷನ್ನುಗಳೆಲ್ಲ ಹೋಗಿವೆ, ಮೇಜುಗಳ ಸಾಲು ಹಾಗೇ ಇದೆ. ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವವರು ಈಗ ಅಲ್ಲಿಗೆ ಬಂದು ಕೂರುತ್ತಾರೆ. ಒಬ್ಬರ ಕಂಪನಿ ಇನ್ನೊಬ್ಬರಿಗೆ ಗೊತ್ತಿಲ್ಲ. ಪಾಂಡವಪುರದಿಂದ ಬರುವ ಮೇಘನ ಮನೆಗಳ ನಕ್ಷೆ ಬರೆಯುತ್ತಾಳೆ. ಒಬ್ಬ ಹುಡುಗ ಬ್ಯಾಂಕಿನವರಿಗಾಗಿ ಫೋನಿನಲ್ಲಿ ಪಿಸುಪಿಸು ಅನ್ನುತ್ತಾನೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಇದರಿಂದ ಏನಾದೀತು ಅಂತ ಅನುಮಾನದಿಂದಲೇ ಕೂತೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಷ್ಟರಲ್ಲಿ ಮನೆಯಲ್ಲಿ ವಾರವಿಡೀ ಆಗದ ಕೆಲಸ ಆಗಿತ್ತು. ಮಹದೇವಸ್ವಾಮಿಯವರಿಗೆ ಅದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. ಪಕ್ಕದ ಮಿಷನ್ನು ಸದ್ದು ಮಾಡ್ತಿದ್ರೆ ನಿಲ್ಸಕ್ಕೆ ನಾಚ್ಕೆ ಆಯ್ತದಲ್ಲವ್ವ, ಅಷ್ಟೆಯಾ ಅಂದರು. ನೀವು ಹೇಳಿದ್ದೂ ಅದೇ ಅಲ್ಲವೇ, ಮಿಷನ್ನು ಇಲ್ಲದೆ.

ಒಂದು ದಿನ ಅಲ್ಲಿಯೂ ಒಂದು ಬೈಕಿನವನ ಚೀಟಿ ಬಂತು. ಸತ್ತವನ ತಾಯಿ ಹೆಬ್ಬೆಟ್ಟು ಒತ್ತಿದ್ದಳು. ನನ್ನ ಕಣ್ಣು ಮಂಜಾಯಿತು. ಮೇಘನ ಅದನ್ನು ನೋಡಿದಳು. ತನ್ನ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗುವ ಹಾಗೆ ಎಳೆದುಕೊಂಡು ತನ್ನ ನಕ್ಷೆ ತಾನು ಬರೆಯುತ್ತ ಕೂತಳು. ನಾನು ಚೀಟಿ ಮುಗಿಸಿದೆ. ಎಲ್ಲಿಯದೋ ಹುಡುಗಿ, ನಿಮ್ಮ ಹಾಗೆಯೇ ಮಾಡಿದಳು. ಇದನ್ನು ಹೇಳಿಕೊಟ್ಟವರು ಯಾರು ಅಂತ ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿದೆ. ಅವತ್ತೇ ಈ ಕಾಗದ ಬರೆಯಬೇಕು ಅನ್ನಿಸಿದ್ದು.

ಯಾಕೆಂದರೆ, ಅತ್ತೆಮ್ಮ, ಈಗ ನನ್ನ ಕೆಲಸಕ್ಕೆ ನೀವು ಬೇಕಾಗಿಲ್ಲ. ತಡೆಯಿರಿ, ಕಾಗದ ಮಡಚಿಡಬೇಡಿ, ನಿಮ್ಮ ಮೂಗಿನ ತುದಿ ಕೆಂಪಾಗುವುದು ನನಗೆ ಇಲ್ಲಿಗೇ ಕಾಣುತ್ತದೆ. ಮುಂದೆ ಓದಿ. ಕೆಲಸ ನಡೆಯುತ್ತಿದೆ, ಸಾಹೇಬರು ಖುಷಿಯಾಗಿದ್ದಾರೆ, ನನ್ನ ಪಕ್ಕದಲ್ಲಿ ಕೂರಲು ಮಹಡಿ ತುಂಬ ಜನ ಇದ್ದಾರೆ. ಹಾಗಾಗಿ ನಾನು ನಿಮ್ಮನ್ನು ಕರೆದರೆ ಅದು ಚೀಟಿ ಓದುವುದಕ್ಕೆ ಅಲ್ಲ. ಸಂಜೆ ಬಸ್ಸಿಳಿದು ಬಂದು ಬೀಗ ತೆಗೆಯುತ್ತೇನೆ. ನಡುಮನೆಯಲ್ಲಿ ನಿಮ್ಮ ಎಲೆಅಡಿಕೆಯ ಚೀಲ ನೇತುಹಾಕುತ್ತಿದ್ದ ಮೊಳೆ ಬರಿದಾಗಿದೆ. ಕೆಲಸ ಚೆನ್ನಾಗಿ ಆಯಿತು ಅಂತ ಹೇಳಿಕೊಳ್ಳಲು ಯಾರೂ ಇಲ್ಲ. ನಿಮ್ಮ ಮಗ ಸಾರಿಗೆ ಹುಳಿ ಜಾಸ್ತಿ ಅಂತ ತಟ್ಟೆ ಸರಿಸುತ್ತಿದ್ದುದು ನಿಮಗೂ ನನಗೂ ಬಿಟ್ಟು ಇನ್ನು ಯಾರಿಗೆ ಗೊತ್ತು? ಅದನ್ನು ನಾನು ಮೇಘನಳ ಹತ್ತಿರ ಹೇಳಿದರೆ ಅವಳು ಪಾಪ ಅನ್ನುತ್ತಾಳೆ. ನಿಮ್ಮ ಹತ್ತಿರ ಹೇಳಿದರೆ, ಅವ್ನಿಗೆ ನಾಲ್ಗೆ ಉದ್ದ ಅಂತ ಬೈಯುತ್ತೀರಿ. ನನಗೆ ಆ ಬೈಗುಳ ಬೇಕು.

ಇನ್ನು ಆ ಗಂಡಿನ ವಿಚಾರ. ಬೇಡ ಅಂತ ಅಪ್ಪನಿಗೆ ಫೋನು ಮಾಡಿ ನಾನೇ ಹೇಳಿದ್ದೇನೆ. ನಿಮಗೋಸ್ಕರ ಬೇಡ ಅಂದೆ ಅಂತ ತಿಳಿದುಕೊಂಡು ಇನ್ನೊಂದು ಚೀಲ ಕಟ್ಟಬೇಡಿ. ಈಗ ನನಗೆ ಬೇಡ, ಅಷ್ಟೆ. ಸಂಜೆ ಬೈಕಿನ ಸದ್ದಾದರೆ ನನ್ನ ಕಾಲು ಇನ್ನೂ ತಾನಾಗೇ ಬಾಗಿಲಿಗೆ ಹೋಗುತ್ತದೆ. ಮುಂದೆ ಎಂದಾದರೂ ಮನಸ್ಸು ಬದಲಾದರೆ ಮೊದಲು ನಿಮಗೇ ಹೇಳುತ್ತೇನೆ, ನೀವೇ ನಿಂತು ಧಾರೆ ಎರೆಯಿರಿ. ಬದಲಾಗದೆ ನಾನು ಮುದುಕಿಯಾದರೆ ಅದು ನನ್ನ ಹಣೆಬರಹ, ನಿಮ್ಮ ತಪ್ಪಲ್ಲ. ನೀವು ಪಕ್ಕದಲ್ಲಿ ಇದ್ದರೂ ಇಲ್ಲದಿದ್ದರೂ ವಯಸ್ಸಂತೂ ಆಗಿಯೇ ಆಗುತ್ತದೆ.

ಹಾಗಾಗಿ ಬನ್ನಿ. ಆಧಾರ್ ಕಾರ್ಡು ಮರೆಯಬೇಡಿ, ಹೆಂಗಸರಿಗೆ ಬಸ್ಸು ಪುಕ್ಕಟೆ, ಖರ್ಚಿನ ನೆಪ ಹೇಳುವ ಹಾಗಿಲ್ಲ. ಯಶೋಧಕ್ಕನಿಗೂ ಚಿಕ್ಕಸ್ವಾಮಿ ಅಣ್ಣನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಇರಲಿ, ಆದರೆ ಅದನ್ನು ಅಲ್ಲಿಂದ ಕಳಿಸಬೇಡಿ, ಇಲ್ಲಿಗೇ ಬಂದು ತಲೆಯ ಮೇಲೆ ಕೈಯಿಟ್ಟು ಮಾಡಿ.

ನಿಮ್ಮ ಕಾಲಿಗೆ ಬೀಳುವ ಸೊಸೆ,
ಪವಿತ್ರ

ಮರೆತ ಮಾತು: ಸೋಮವಾರ ಬೆಳಗ್ಗೆ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಪಟ್ಟಣದಲ್ಲಿ ಕಾಗದವನ್ನು ಅಂಚೆಗೆ ಹಾಕೋಣ ಅಂತ ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಯಶೋಧಕ್ಕನ ಫೋನು ಬಂತು. ನಿಮಗೆ ಹೇಳಬೇಡ ಅಂದಿದ್ದಾರೆ, ನಾನು ಹೇಳುತ್ತೇನೆ. "ಅಮ್ಮ ಮೊರ ತೊಡೆ ಮೇಲಿಟ್ಕಂಡು ಕುಂತ್ಕತಳೆ ಪವೀ, ಕೈ ಆಡ್ಸಾಕಿಲ್ಲ. ಸಂಜೆ ನಾನು ಡೈರಿಗೆ ಹಾಲು ಹಾಕಿ ಬಂದ್ರೂ ಅಕ್ಕಿ ಅಂಗೇ ಇರ್ತದೆ. ಡಾಕ್ಟ್ರು ಏನೂ ಕಾಯ್ಲೆ ಇಲ್ಲ ಅಂತಾರೆ" ಅಂದರು. ಫೋನಿಟ್ಟ ಮೇಲೆ ಆ ಮೊದಲ ದಿನದ ಅಕ್ಕಿ ನೆನಪಾಯಿತು, ಕಲ್ಲಿಲ್ಲದ ಅಕ್ಕಿ. ನನಗೋಸ್ಕರ ನೆಪ ಮಾಡಿಕೊಂಡು ಬಂದಿರಿ ಅಂತ ಇಷ್ಟು ದಿನ ನಂಬಿದ್ದೆ. ಅಡುಗೆಮನೆಯಲ್ಲಿ ಒಬ್ಬರೇ ಕೂತಾಗ ನಿಮ್ಮ ಕೈಯೂ ನಿಂತಿತ್ತು ಅಲ್ಲವೇ? ನನಗೆ ಗಂಡ ಹೋದ, ನಿಮಗೆ ಮಗ. ಸಾಲು ಹುಡುಕಿಕೊಂಡು ಬಂದವರು ನೀವು.

ಮೇಲೆ ಬನ್ನಿ ಬನ್ನಿ ಅಂತ ಬರೆದದ್ದನ್ನೆಲ್ಲ ಹೊಡೆದುಹಾಕಿ. ಮಂಡಿ ನೋವಿನಲ್ಲಿ ನೀವು ಎಲ್ಲಿಗೂ ಹೊರಡಬೇಡಿ. ನಾನು ಎಲ್ಲಿ ಕೂತರೂ ಕಂಪನಿಯವರಿಗೆ ಒಂದೇ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿದ್ದೇನೆ. ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರುತ್ತೇನೆ. ನಾನು ಚೀಟಿ ಓದುತ್ತಿರುತ್ತೇನೆ, ನೀವು ಪಕ್ಕದಲ್ಲಿ ಕೂತು ಇದನ್ನು ನಿಧಾನವಾಗಿ ಓದಿ. ಓದಿ ಆದ ಮೇಲೆ ಮೊರ ತೆಗೆದುಕೊಳ್ಳಿ, ಅಕ್ಕಿಯಲ್ಲಿ ಕಲ್ಲು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಿಮ್ಮ ಗದ್ದೆ ಹದ ಆಗಿದೆ ಅತ್ತೆಮ್ಮ, ಮುಯ್ಯಾಳು ಹೊರಟಿದ್ದಾಳೆ.